ತಾಮ್ರದ ಸೂರ್ಯ ಹೊಳೆಯಬಾರದು: ಮೋನೆಯ ಕಡಲನ್ನು ಸ್ಟೀಲ್ ಪಟ್ಟಿಗಳಲ್ಲಿ ಕೂರಿಸಿದ ಕೆಲಸದ ಡೈರಿ

ನನ್ನದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಚಿಕ್ಕ ವೆಲ್ಡಿಂಗ್ ಶಾಪ್. ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ರೇಲಿಂಗು, ಕಾಫಿ ಕೊಯ್ಲಿನ ಹೊತ್ತಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ರಿಪೇರಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಚಿತ್ರ ಬರೆಯೋಕೆ ಬರಲ್ಲ, ಆದರೆ ನೋಡೋದು ಇಷ್ಟ. ಈ ವರ್ಷ ಮಾರ್ಚ್‌ನಿಂದ ಜೂನ್‌ವರೆಗೆ ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆಯ ಒಂದು ಕಡಲ ಚಿತ್ರವನ್ನು ಲೋಹದಲ್ಲಿ ಮಾಡಿ ಗೋಡೆಗೆ ಏರಿಸಿದೆ. ಎರಡು ಸಲ ಪೂರ್ತಿ ಕೆಟ್ಟಿತು, ನಾಲ್ಕೈದು ಸಲ ಅರ್ಧ ಕೆಟ್ಟಿತು. ಇಂಥ ಕೆಲಸಕ್ಕೆ ಕೈಹಾಕುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ನೋಟ್ ಪುಸ್ತಕದಲ್ಲಿ ಇದ್ದದ್ದನ್ನು ಹಾಗೇ ಬರೆದಿದ್ದೇನೆ.

ಮಾರ್ಚ್ 2. ಕೇಳಿದ್ದು ಏನು, ಅಳತೆ ಎಷ್ಟು

ಮಡಿಕೇರಿಯಿಂದ ಸ್ವಲ್ಪ ಆಚೆ ಒಬ್ಬರು ಅಕ್ಕ ಹೋಂಸ್ಟೇ ನಡೆಸುತ್ತಾರೆ. ಅವರ ಮನೆಯ ಗೇಟು ನಾನೇ ಮಾಡಿದ್ದು. ಊಟದ ಹಾಲ್‌ನಲ್ಲಿ ಒಂದು ದೊಡ್ಡ ಕ್ಯಾನ್ವಾಸ್ ಪ್ರಿಂಟ್ ಹಾಕಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದಕ್ಕೆ ಹಿಂದಿನಿಂದ ಬೂಷ್ಟು ಹಿಡಿಯಿತು. ಒರೆಸಿದರೆ ಬಣ್ಣವೂ ಜೊತೆಗೇ ಬಂತು. "ಬೂಷ್ಟು ಹಿಡಿಯದೇ ಇರೋದು ಏನಾದ್ರೂ ಮಾಡಿಕೊಡ್ತೀರಾ? ಸಮುದ್ರ ಇರಬೇಕು" ಅಂದರು. ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ನೀರಿದೆ, ಸಮುದ್ರ ಮಾತ್ರ ಇಲ್ಲ. ಅವರ ಆಸೆ ನನಗೆ ಅರ್ಥವಾಯಿತು.

ಅವರು ಮೊದಲು ತೋರಿಸಿದ್ದು ಫ್ರಾನ್ಸಿನ ಕಡಲ ಊರು ಎತ್ರೆತಾದ ಬಂಡೆಯ ಚಿತ್ರ. ಮೋನೆ 1883ರಲ್ಲಿ ಬರೆದದ್ದು, ಕಡಲಿನ ಅಂಚಲ್ಲಿ ಕಲ್ಲಿನ ದೊಡ್ಡ ಕಮಾನು. ಚಂದ ಇದೆ. ಆದರೆ ಅದರಲ್ಲಿ ಬಂಡೆಯ ಮೇಲೆ ಬಿಸಿಲಿನ ಬಣ್ಣ ನೂರು ಥರ. ಲೋಹದಲ್ಲಿ ಅಷ್ಟು ಬಣ್ಣ ತರೋದು ನನ್ನಿಂದ ಆಗಲ್ಲ ಅಂದೆ. ನಾನು ತೋರಿಸಿದ್ದು 1872ರ 'ಇಂಪ್ರೆಷನ್, ಸನ್‌ರೈಸ್'. ಫ್ರಾನ್ಸಿನ ಲೆ ಹಾವ್ರ್ ಬಂದರಿನಲ್ಲಿ ಬೆಳಗಿನ ಮಂಜು, ಅದರೊಳಗೆ ಕಿತ್ತಳೆ ಸೂರ್ಯ, ಮುಂದೆ ಚಿಕ್ಕ ದೋಣಿಗಳು. ಬೂದಿ, ನೀಲಿ, ನೇರಳೆ, ಕಿತ್ತಳೆ. ಸ್ಟೀಲಿಗೂ ತಾಮ್ರಕ್ಕೂ ಬೆಂಕಿ ತೋರಿಸಿದರೆ ಬರುವ ಬಣ್ಣಗಳು ಹೆಚ್ಚುಕಡಿಮೆ ಇವೇ. ಅಕ್ಕ ಒಪ್ಪಿದರು. ಮೋನೆ ತೀರಿಕೊಂಡದ್ದು 1926ರಲ್ಲಿ. ನಮ್ಮ ಕಾನೂನಿನಲ್ಲಿ ಕಾಪಿರೈಟ್ ಕಲಾವಿದ ಹೋದಮೇಲೆ 60 ವರ್ಷ. ಹಾಗಾಗಿ ಆ ಕಡೆಯ ತಲೆನೋವು ಇಲ್ಲ.

ಮೂಲ ಚಿತ್ರ 48 × 63 ಸೆಂಟಿಮೀಟರ್. ಅಷ್ಟೇ. ಎರಡು ಪಟ್ಟು ಮಾಡಿದರೆ 96 × 126 ಆಗುತ್ತದೆ. ಶೀಟ್ ಸಿಗುವುದು 8 × 4 ಅಡಿ, ಅಂದರೆ 244 × 122 ಸೆಂಟಿಮೀಟರ್. 126ರ ಎರಡು ತುಂಡು ಅದರಲ್ಲಿ ಬರಲ್ಲ, 8 ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಅದಕ್ಕೇ 120 × 91.5ಕ್ಕೆ ಇಳಿಸಿದೆ. ರೇಟು 28,000 ರೂಪಾಯಿ ಅಂತ ಅಲ್ಲೇ ನಿಂತು ಹೇಳಿಬಿಟ್ಟೆ. ಒಂದು ತುಂಡನ್ನಾದರೂ ಮಾಡಿ ನೋಡದೆ ರೇಟು ಹೇಳಿದ್ದು ಮೊದಲ ತಪ್ಪು.

ಮಾರ್ಚ್ 9ರಿಂದ 12. ಕಬ್ಬಿಣದ ಶೀಟ್, ಪೂರ್ತಿ ಹಾಳು

18 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಕಬ್ಬಿಣದ ಶೀಟ್ ತಂದೆ, 1.2 ಎಂಎಂ. 120 × 91.5ಕ್ಕೆ ಕತ್ತರಿಸಿ, ಉಜ್ಜುವ ಫ್ಲಾಪ್ ಡಿಸ್ಕ್ ಹೊಡೆದು, ಟಿನ್ನರ್‌ನಲ್ಲಿ ಒರೆಸಿ, ಗ್ಯಾಸ್ ಟಾರ್ಚ್ ಹಿಡಿದೆ. ಒಂದೇ ಶೀಟಿನ ಮೇಲೆ ಆಕಾಶ, ನೀರು ಎರಡೂ ಬೆಂಕಿಯಲ್ಲೇ ಬರೆಯಬೇಕು ಅನ್ನೋದು ನನ್ನ ಲೆಕ್ಕ.

ಎರಡು ತೊಂದರೆ ಆಯಿತು. ಒಂದು, ಕಬ್ಬಿಣದಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ. ಸುಮಾರು 220 ಡಿಗ್ರಿಗೆ ಹುಲ್ಲಿನ ಬಣ್ಣ ಶುರು, 300ಕ್ಕೆ ನೀಲಿ, ಅದು ದಾಟಿದರೆ ಬೂದಿ. ಹಳದಿ, ಕಂದು, ನೇರಳೆ, ನೀಲಿ ಎಲ್ಲ ಈ 80 ಡಿಗ್ರಿಯೊಳಗೇ ಮುಗಿದುಹೋಗುತ್ತವೆ. ನೇರಳೆ ಬಂತು ಅಂತ ಟಾರ್ಚ್ ತೆಗೆಯುವಷ್ಟರಲ್ಲಿ ನೀಲಿ ಆಗಿರುತ್ತದೆ. ಇನ್ನೊಂದು, ಶೀಟಿಗೆ ಹೊಟ್ಟೆ ಬಂತು. ನಡುವಿನಲ್ಲಿ 22 ಎಂಎಂ ಉಬ್ಬಿತ್ತು. ಕೈಯಲ್ಲಿ ಒತ್ತಿದರೆ ಟಪ್ ಅಂತ ಆ ಕಡೆ ಹೋಗಿ, ಬಿಟ್ಟರೆ ಈ ಕಡೆ ಬರುತ್ತಿತ್ತು.

ಸರಿಮಾಡಬಹುದೇನೋ ಅಂತ ಮೂರು ದಿನ ಗೋಡೆಗೆ ಒರಗಿಸಿ ಇಟ್ಟಿದ್ದೆ. ಮಧ್ಯೆ ಒಂದು ಸಂಜೆ ಕಾಫಿ ಹೂ ಅರಳಿಸುವ ಹೂಮಳೆ ಬಂತು. ತೋಟದವರಿಗೆಲ್ಲ ಖುಷಿ. ಬೆಳಗ್ಗೆ ಬಂದು ನೋಡಿದರೆ ನನ್ನ ನೀಲಿ ಆಕಾಶದ ತುಂಬ ತುಕ್ಕಿನ ಚುಕ್ಕಿ. ಮಾರ್ಚ್‌ನ ಒಂದು ಮಳೆಗೇ ಹೀಗೆ ಅಂದರೆ ಜುಲೈನಲ್ಲಿ ಏನು ಗತಿ? ಆ ಶೀಟನ್ನು ಅಲ್ಲಿಗೇ ಬಿಟ್ಟೆ.

ಮಾರ್ಚ್ 20. ಸ್ಟೇನ್‌ಲೆಸ್, ಮತ್ತು ಪಟ್ಟಿಯ ಯೋಚನೆ

ರೇಲಿಂಗ್ ಕೆಲಸದಲ್ಲಿ ಉಳಿದಿದ್ದ 304 ದರ್ಜೆಯ ಸ್ಟೇನ್‌ಲೆಸ್ ತುಂಡು ಒಂದು ಅಡಿ ಚೌಕ ಇತ್ತು. ಅದನ್ನು ಕಾಯಿಸಿ ನೋಡಿದೆ. ಬಣ್ಣ ಬರೋದು ನಿಧಾನ. 290ರ ಹತ್ತಿರ ತಿಳಿ ಹಳದಿ, 390ಕ್ಕೆ ಕಂದು, 450ಕ್ಕೆ ಗಾಢ ನೇರಳೆ, 540ಕ್ಕೆ ನೀಲಿ, 600ಕ್ಕೆ ಕಡುನೀಲಿ. ಕಬ್ಬಿಣದಲ್ಲಿ 80 ಡಿಗ್ರಿಯಲ್ಲಿ ಆಗಿದ್ದು ಇಲ್ಲಿ 300 ಡಿಗ್ರಿ ತೆಗೆದುಕೊಳ್ಳುತ್ತದೆ. ಬೇಕಾದ ಬಣ್ಣಕ್ಕೆ ನಿಲ್ಲಿಸೋಕೆ ಪುರುಸೊತ್ತು ಸಿಗುತ್ತದೆ. ತುಕ್ಕಿನ ಭಯವೂ ಕಡಿಮೆ.

ಆದರೆ ಹೊಟ್ಟೆ ಬರೋದು ಇದರಲ್ಲಿ ಇನ್ನೂ ಜಾಸ್ತಿ. ಸ್ಟೇನ್‌ಲೆಸ್ ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಶಾಖವೂ ಬೇಗ ಹರಡಲ್ಲ, ಹಿಡಿದ ಜಾಗದಲ್ಲೇ ಕೂರುತ್ತದೆ. ಒಂದು ಅಡಿ ತುಂಡೇ ಹಪ್ಪಳದ ಹಾಗೆ ಎದ್ದಿತು.

ಆವತ್ತು ರಾತ್ರಿ ಫೋನಿನಲ್ಲಿ ಆ ಚಿತ್ರವನ್ನು ಆದಷ್ಟು ಹಿಗ್ಗಿಸಿ ನೋಡುತ್ತಾ ಕೂತಿದ್ದೆ. ನೀರು ಅಂತ ನಾವು ನೋಡುವ ಜಾಗದಲ್ಲಿ ನೀರೇ ಇಲ್ಲ. ಕುಂಚದ ಗೀಟುಗಳಷ್ಟೇ. ಒಂದೊಂದೂ ಬೇರೆ ಬೇರೆ, ಅಡ್ಡಡ್ಡ, ಒಂದರ ಮೇಲೆ ಅರ್ಧ ಕೂತಿವೆ. ಮೋನೆ ಗೀಟುಗಳನ್ನು ಸೇರಿಸಿ ಸಮುದ್ರ ಮಾಡಿದ್ದಾನೆ. ನಾನು ಯಾಕೆ ಒಂದೇ ಶೀಟ್ ಹಿಡಿದು ಗುದ್ದಾಡುತ್ತಿದ್ದೇನೆ? ಗೀಟಿಗೊಂದು ಪಟ್ಟಿ. ಪ್ರತಿ ಪಟ್ಟಿಯನ್ನೂ ಬೇರೆ ಕಾಯಿಸಿ, ಬೇಕಾದ ಬಣ್ಣ ಬಂದದ್ದನ್ನು ಆರಿಸಿ ಅಂಟಿಸಿದರೆ ಆಯಿತು. ಚಿಕ್ಕ ಪಟ್ಟಿ ಸ್ವಲ್ಪ ಬಾಗಿದರೂ ತೊಂದರೆ ಇಲ್ಲ, ಅಲೆಗೆ ಅದೇ ಚಂದ. ಪೂರ್ತಿ ಕೆಲಸ ದಾರಿಗೆ ಬಂದದ್ದು ಆ ರಾತ್ರಿ.

ಏಪ್ರಿಲ್ 3. ಮೈಸೂರು, ಪಟ್ಟಿ ಕತ್ತರಿಸಿದ್ದು

ಮೈಸೂರಿನಿಂದ 0.8 ಎಂಎಂ 304 ಶೀಟ್, 8 × 4. ತೂಕ ಸುಮಾರು 19 ಕೆಜಿ, ಕೆಜಿಗೆ 240 ರೂಪಾಯಿ. ಅಲ್ಲೇ ತಗಡು ಕತ್ತರಿಸುವ ಶಿಯರಿಂಗ್ ಮೆಷಿನ್‌ನಲ್ಲಿ 40, 25, 18, 12 ಎಂಎಂ ಅಗಲದ ಪಟ್ಟಿ ಮಾಡಿಸಿದೆ.

40 ಮತ್ತು 25 ಚೆನ್ನಾಗಿ ಬಂದವು. 12 ಎಂಎಂ ಪಟ್ಟಿಗಳೆಲ್ಲ ಹಗ್ಗದ ಹಾಗೆ ತಿರುಚಿಕೊಂಡವು. ಕಿರಿದಾಗಿ ಕತ್ತರಿಸಿದಷ್ಟೂ ಶಿಯರಿಂಗ್ ಪಟ್ಟಿಯನ್ನು ತಿರುಚುತ್ತದೆ. ಅದು ಗೊತ್ತಿದ್ದೂ ಆಸೆಗೆ ಮಾಡಿಸಿದೆ. ಒಂದೊಂದನ್ನೂ ಮರದ ಸುತ್ತಿಗೆಯಲ್ಲಿ ನೆಟ್ಟಗೆ ಮಾಡೋಕೆ ಎರಡು ದಿನ ಹೋಯಿತು. 18ರಲ್ಲೇ ನಿಲ್ಲಿಸಿ, ಅದಕ್ಕಿಂತ ಕಿರಿದು ಬೇಕಾದಾಗ ಕೈಯಲ್ಲಿ ಕತ್ತರಿಸಿಕೊಳ್ಳಿ.

ಉದ್ದ 80ರಿಂದ 300 ಎಂಎಂವರೆಗೆ ತಗಡಿನ ಕತ್ತರಿಯಲ್ಲಿ ಕತ್ತರಿಸಿದೆ. ತುದಿಗಳನ್ನು ಬೇಕಂತಲೇ ಒಂದೇ ಥರ ಮಾಡಲಿಲ್ಲ. ಕುಂಚ ಎತ್ತಿದ ಹಾಗೆ ಸ್ವಲ್ಪ ಓರೆ, ಸ್ವಲ್ಪ ಗುಂಡಗೆ. ಅಂಚಿನ ಮುಳ್ಳನ್ನು ಅರ ಹಾಕಿ ತೆಗೆಯಲೇಬೇಕು. ನನ್ನ ಜೊತೆ ಇರುವ ಹುಡುಗನ ಎರಡು ಬೆರಳು ಮೊದಲ ದಿನವೇ ಕುಯ್ದುಕೊಂಡವು. ಆಮೇಲೆ ಗ್ಲೌಸ್ ಇಲ್ಲದೆ ಪಟ್ಟಿ ಮುಟ್ಟಲು ಬಿಡಲಿಲ್ಲ.

ಏಪ್ರಿಲ್ 6ರಿಂದ 25. ಬಣ್ಣ

ಮಾಡಿದ ಕ್ರಮ ಇದು. ಪಟ್ಟಿಯನ್ನು ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಮುಟ್ಟಿದರೆ ಬೆರಳಚ್ಚು ಬೆಂಕಿಯಲ್ಲಿ ಹಾಗೇ ಮೂಡುತ್ತದೆ. ಮೊದಲ ಹದಿನೈದು ಪಟ್ಟಿಯಲ್ಲಿ ನನ್ನ ಹೆಬ್ಬೆರಳಿನ ಗೆರೆ ಎಣಿಸಬಹುದಿತ್ತು. ಬೆಂಕಿ ತಡೆಯುವ ಎರಡು ಇಟ್ಟಿಗೆ (ಫೈರ್ ಬ್ರಿಕ್) ನಡುವೆ ಪಟ್ಟಿ ಇಟ್ಟು, ಟಾರ್ಚನ್ನು ಕೆಳಗಿನಿಂದ ಹಿಡಿಯಬೇಕು, ಬಣ್ಣವನ್ನು ಮೇಲಿನಿಂದ ನೋಡಬೇಕು. ಮೇಲಿನಿಂದ ಬೆಂಕಿ ಹಿಡಿದರೆ ಜ್ವಾಲೆಯ ಬೆಳಕಿನಲ್ಲಿ ಬಣ್ಣ ಕಾಣಲ್ಲ.

ಕಾಯುವ ಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ಮೂವತ್ತು ಸೆಕೆಂಡು ಏನೂ ಆಗಲ್ಲ. ಆಮೇಲೆ ಜ್ವಾಲೆ ತಾಗಿದ ಜಾಗದಲ್ಲಿ ಒಣ ಹುಲ್ಲಿನ ಬಣ್ಣದ ಒಂದು ಉಂಗುರ ಎದ್ದು, ನಿಧಾನಕ್ಕೆ ತುದಿಯ ಕಡೆ ನಡೆಯುತ್ತದೆ. ಅದರ ಹಿಂದೆ ಬೆಲ್ಲದ ಬಣ್ಣ, ಅದರ ಹಿಂದೆ ನೇರಳೆ ಹಣ್ಣಿನ ಬಣ್ಣ, ಕೊನೆಗೆ ನೀಲಿ. ನಾಲ್ಕೂ ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಟಾರ್ಚನ್ನು ಸರಿಸಿದರೆ ಸಾಲು ನಿಲ್ಲುತ್ತದೆ. ಆದರೆ ತಕ್ಷಣ ಅಲ್ಲ, ಇನ್ನೂ ಎರಡು ಸೆಕೆಂಡು ಮುಂದೆ ಹೋಗಿ ನಿಲ್ಲುತ್ತದೆ. ಆ ಎರಡು ಸೆಕೆಂಡಿನ ಅಂದಾಜು ಕೈಗೆ ಬರೋಕೆ ನನಗೆ ಐವತ್ತು ಪಟ್ಟಿ ಬೇಕಾಯಿತು. ಕೆಟ್ಟ ಪಟ್ಟಿಯನ್ನು ಬಿಸಾಡಬೇಡಿ. ಸ್ಕಾಚ್ ಬ್ರೈಟ್ ಹಾಕಿ ಉಜ್ಜಿದರೆ ಬಣ್ಣ ಹೋಗಿ ಮತ್ತೆ ಬಿಳಿ ಆಗುತ್ತದೆ, ಇನ್ನೊಮ್ಮೆ ಕಾಯಿಸಬಹುದು.

ಏಪ್ರಿಲ್ 14ಕ್ಕೆ ಸುಮಾರು ಇನ್ನೂರು ಪಟ್ಟಿ ಆಗಿತ್ತು. ನೆಲದ ಮೇಲೆ ಜೋಡಿಸಿ, ಕುರ್ಚಿ ಹತ್ತಿ ನೋಡಿದೆ. ನವಿಲುಗರಿ ಹರಡಿದ ಹಾಗಿತ್ತು. ಅಷ್ಟೂ ನೀಲಿ, ಅಷ್ಟೂ ನೇರಳೆ, ಮಂಜು ಎಲ್ಲೂ ಇಲ್ಲ. ಬಣ್ಣ ಬರಿಸೋದು ಕಲಿತ ಖುಷಿಯಲ್ಲಿ ಎಲ್ಲದಕ್ಕೂ ಬಣ್ಣ ಬರಿಸಿಬಿಟ್ಟಿದ್ದೆ.

ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ಹತ್ತು ಪಟ್ಟಿ ಚೀಲದಲ್ಲಿ ಹಾಕಿಕೊಂಡು ಮಡಿಕೇರಿಯ ರಾಜಾಸೀಟ್‌ಗೆ ಹೋದೆ. ಹಿಂದಿನ ಸಂಜೆ ಮಳೆ ಆಗಿದ್ದರಿಂದ ಕೆಳಗೆ ಕಣಿವೆ ತುಂಬ ಮಂಜು. ಬೆಟ್ಟದ ತುದಿಗಳು ಮಾತ್ರ ದ್ವೀಪದ ಹಾಗೆ ಮೇಲಿದ್ದವು. ಕಂಬಿ ಹಿಡಿದು ನಿಂತು, ಒಂದೊಂದು ಪಟ್ಟಿಯನ್ನೂ ಮಂಜಿನ ಎದುರಿಗೆ ಹಿಡಿದು ನೋಡಿದೆ. ಬಣ್ಣದ ಪಟ್ಟಿ ಯಾವುದೂ ಹೊಂದಲಿಲ್ಲ. ಹೊಂದಿದ್ದು ಕಾಯಿಸದೇ ಇದ್ದ, ಸುಮ್ನೆ ಉಜ್ಜಿದ ಬಿಳಿ ಸ್ಟೀಲ್. ಅದರ ಪಕ್ಕದಲ್ಲಿ ತುಸು ನೇರಳೆ ತಾಗಿದ ಒಂದು ಪಟ್ಟಿ ಹಿಡಿದಾಗ ಸ್ಟೀಲಿಗೇ ನೀಲಿ ಛಾಯೆ ಬಂದ ಹಾಗಾಯಿತು.

ವಾಪಸ್ ಬಂದು ಅರ್ಧಕ್ಕಿಂತ ಜಾಸ್ತಿ ಪಟ್ಟಿಗಳ ಬಣ್ಣ ಉಜ್ಜಿ ತೆಗೆದೆ. ಕೊನೆಗೆ ಉಳಿಸಿಕೊಂಡ ಲೆಕ್ಕ ಹೀಗೆ. ಆಕಾಶದಲ್ಲಿ ಹತ್ತು ಪಟ್ಟಿಗೆ ಮೂರಕ್ಕೆ ಮಾತ್ರ ಬಣ್ಣ, ಅದೂ ತಿಳಿ. ನೀರಿನಲ್ಲಿ ಹತ್ತಕ್ಕೆ ಐದು. ಕಡುನೀಲಿ ದೋಣಿಯ ಸುತ್ತ ಮಾತ್ರ. ಒಟ್ಟು 312 ಪಟ್ಟಿ.

ಇದರ ನಡುವೆ ಒಂದು ಪಟ್ಟಿಗೆ ಕ್ಲಿಯರ್ ಲ್ಯಾಕರ್ ಹೊಡೆದು ನೋಡಿದ್ದೆ. ಒಂದೇ ಕೋಟ್‌ಗೆ ನೀಲಿ ಹೋಗಿ ಕೆಸರು ಬಣ್ಣ ಬಂತು. ಇದು ಪೇಂಟಿನ ಬಣ್ಣ ಅಲ್ಲ, ಲೋಹದ ಮೇಲಿನ ತೆಳು ಪದರದಲ್ಲಿ ಬೆಳಕು ಆಡುವುದರಿಂದ ಕಾಣುವ ಬಣ್ಣ. ಮೇಲೆ ಇನ್ನೊಂದು ಪದರ ಬಂದರೆ ಆಟ ಕೆಡುತ್ತದೆ. ಮನೆಯೊಳಗೆ 304ಕ್ಕೆ ಲ್ಯಾಕರ್ ಬೇಕಾಗಿಯೂ ಇಲ್ಲ. 312ಕ್ಕೂ ಹೊಡೆಯುವ ಮುಂಚೆ ಒಂದಕ್ಕೆ ಹೊಡೆದು ನೋಡಿದ್ದು ನಾನು ಮಾಡಿದ ಒಳ್ಳೆ ಕೆಲಸ.

ಮೇ 1. ಉಜ್ಜುವ ದಿಕ್ಕು

ಬಣ್ಣದಷ್ಟೇ ದೊಡ್ಡ ವಿಷಯ ಇದು. ಪಟ್ಟಿಯನ್ನು ಉದ್ದಕ್ಕೆ, ಅಂದರೆ ಗೋಡೆಯ ಮೇಲೆ ಗೀರು ಅಡ್ಡಡ್ಡ ಬರುವ ಹಾಗೆ ಉಜ್ಜಿದರೆ ಮೇಲಿನ ದೀಪದ ಬೆಳಕು ಆ ಗೀರುಗಳಿಗೆ ಎದುರಾಗಿ ಚಾಚಿಕೊಳ್ಳುತ್ತದೆ. ಮೇಲಿಂದ ಕೆಳಕ್ಕೆ ಒಂದು ಬೆಳಕಿನ ಕಂಬ ನಿಲ್ಲುತ್ತದೆ. ನೀವು ಎಡಕ್ಕೆ ನಡೆದರೆ ಅದೂ ಎಡಕ್ಕೆ ಬರುತ್ತದೆ. ನೀರಿನ ಮೇಲೆ ಸೂರ್ಯನ ಬೆಳಕು ಬೀಳುವ ಥರವೇ. ಮೊದಲ ಸಲ ಇದನ್ನು ನೋಡಿದಾಗ ಹುಡುಗನೂ ನಾನೂ ಹತ್ತು ನಿಮಿಷ ಅದರ ಮುಂದೆ ಆಚೆ ಈಚೆ ನಡೆದೆವು.

ನೀರಿಗೆ ಇದು ಬೇಕು, ಆಕಾಶಕ್ಕೆ ಬೇಡ. ಆಕಾಶದಲ್ಲೂ ಕಂಬ ನಿಂತರೆ ಎಲ್ಲ ನೀರೇ ಆಗುತ್ತದೆ. ಹಾಗಾಗಿ ಆಕಾಶದ ಪಟ್ಟಿಗಳನ್ನು ಸ್ಕಾಚ್ ಬ್ರೈಟ್‌ನಲ್ಲಿ ಸುತ್ತ ಸುತ್ತ ಉಜ್ಜಿ ಮಂಕು ಮಾಡಿದೆ. ನೀರಿನ ಪಟ್ಟಿಗಳನ್ನು 180 ನಂಬರ್ ಉಪ್ಪುಕಾಗದದಲ್ಲಿ ಉದ್ದಕ್ಕೆ ಮಾತ್ರ. ಉಜ್ಜೋದು ಕಾಯಿಸುವ ಮೊದಲೇ ಆಗಬೇಕು. ನನಗೆ ಇದು ತಡವಾಗಿ ಹೊಳೆದದ್ದರಿಂದ ಆಕಾಶದ 60 ಪಟ್ಟಿ ಮತ್ತೆ ಮಾಡಬೇಕಾಯಿತು. ನಾಲ್ಕು ಸಂಜೆ ಹೋಯಿತು.

ಮೇ 8. ಸೂರ್ಯ

1 ಎಂಎಂ ತಾಮ್ರದಲ್ಲಿ 60 ಎಂಎಂ ಬಿಲ್ಲೆ ಕತ್ತರಿಸಿ, ಬಫ್ ಹೊಡೆದು ಕನ್ನಡಿ ಮಾಡಿದೆ. ಸೂರ್ಯ ಅಂದಮೇಲೆ ಹೊಳೆಯಬೇಕಲ್ವಾ? ಮಧ್ಯಕ್ಕಿಂತ ಸ್ವಲ್ಪ ಬಲಕ್ಕೆ, ಅದರ ಜಾಗದಲ್ಲಿ ಇಟ್ಟೆ. ಪೂರ್ತಿ ಚಿತ್ರ ಸತ್ತುಹೋಯಿತು. ಗೋಡೆಗೆ ಬಲ್ಬ್ ಸಿಕ್ಕಿಸಿದ ಹಾಗೆ ಅದೊಂದೇ ಕಾಣುತ್ತಿತ್ತು. ಮಂಜು ಹೋಯಿತು, ನೀರು ಹೋಯಿತು.

ಯಾಕೆ ಅಂತ ತಿಳಿಯೋಕೆ ಮೂಲ ಚಿತ್ರವನ್ನು ಫೋನಿನಲ್ಲಿ ಕಪ್ಪುಬಿಳುಪು ಮಾಡಿದೆ. ಸೂರ್ಯ ಮಾಯ! ಹೆಚ್ಚುಕಡಿಮೆ ಕಾಣಲೇ ಇಲ್ಲ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನೇ ವಿವರಿಸಿದ್ದಾರೆ. ಮೋನೆಯ ಸೂರ್ಯ ಸುತ್ತಲಿನ ಆಕಾಶಕ್ಕಿಂತ ಬೆಳ್ಳಗಿಲ್ಲ. ಬಣ್ಣ ಮಾತ್ರ ಬೇರೆ, ಬೆಳಕು ಒಂದೇ. ಅದಕ್ಕೇ ಆ ಸೂರ್ಯ ಮಂಜಿನಲ್ಲಿ ಮಿಡಿಯುತ್ತಿರುವ ಹಾಗೆ ಕಾಣೋದು. ಎಂಟು ವಾರದಿಂದ ಆ ಚಿತ್ರ ನೋಡುತ್ತಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ.

ಅಲ್ಲಿಂದ ನನಗೆ ಒಂದು ಅಳತೆಗೋಲು ಸಿಕ್ಕಿತು. ಸೂರ್ಯನನ್ನು ಇಟ್ಟು ಫೋಟೋ ತೆಗಿ, ಕಪ್ಪುಬಿಳುಪು ಮಾಡು, ಬಿಲ್ಲೆ ಕಂಡರೆ ಅದು ತಪ್ಪು.

ಎರಡನೇ ಬಿಲ್ಲೆಯನ್ನು 320 ನಂಬರ್ ಎಮರಿಯಲ್ಲಿ ಮಂಕು ಮಾಡಿದೆ. ಫೋಟೋದಲ್ಲಿ ಇನ್ನೂ ಬೆಳ್ಳಗಿತ್ತು. ಮೂರನೆಯದನ್ನು ಕಾಯಿಸಿದೆ. ತಾಮ್ರ ಬಹಳ ಬೇಗ ಓಡುತ್ತದೆ. ಕಿತ್ತಳೆ, ಕೆಂಪು, ನೇರಳೆ, ಆಮೇಲೆ ಬೆಳ್ಳಿ ಥರ ಬಿಳಿಚಿಕೊಂಡು ಕೊನೆಗೆ ಕಪ್ಪು. ನಾನು ನೇರಳೆ ದಾಟಿಸಿಬಿಟ್ಟೆ. ನಾಲ್ಕನೆಯದಕ್ಕೆ ಹಿಂದೆ ಒಂದು ಹಿತ್ತಾಳೆ ಬೋಲ್ಟ್ ಬೆಸುಗೆ ಹಾಕಿ ಆಮೇಲೆ ಕಾಯಿಸಿದೆ. ಬೆಸುಗೆ ಕರಗಿ ಬೋಲ್ಟ್ ನೆಲಕ್ಕೆ ಬಿತ್ತು. ಅಷ್ಟು ಯೋಚನೆ ಮಾಡದೇ ಹೋದದ್ದಕ್ಕೆ ನನ್ನ ಮೇಲೇ ಕೋಪ ಬಂತು. ಐದನೆಯದನ್ನು ದೂರದಿಂದ ಸಣ್ಣ ಜ್ವಾಲೆಯಲ್ಲಿ, ಬಿಟ್ಟು ಬಿಟ್ಟು ಕಾಯಿಸಿದೆ. ಹಣ್ಣಾದ ಕೊಡಗಿನ ಕಿತ್ತಳೆಯ ಸಿಪ್ಪೆ ಒಣಗಿದರೆ ಬರುತ್ತದಲ್ಲ, ಆ ಬಣ್ಣಕ್ಕೆ ನಿಲ್ಲಿಸಿದೆ. ಫೋಟೋ ತೆಗೆದು ಕಪ್ಪುಬಿಳುಪು ಮಾಡಿದೆ. ಎಲ್ಲಿದೆ ಅಂತ ಹುಡುಕಬೇಕಾಯಿತು. ಹುಡುಗನಿಗೆ ತೋರಿಸಿದೆ. "ಅಣ್ಣ, ಸೂರ್ಯ ಎಲ್ಲಿ?" ಅಂದ. ಸರಿ ಬಂದಿದೆ ಅಂತ ಖಾತ್ರಿ ಆಯಿತು.

ನೀರಿನ ಮೇಲಿನ ಸೂರ್ಯನ ಪ್ರತಿಬಿಂಬಕ್ಕೆ 11 ತಾಮ್ರದ ಪಟ್ಟಿ. ಅವೂ ಹಾಗೇ ಮಂಕು. ತಾಮ್ರ ಗಾಳಿಗೆ ಕಪ್ಪಾಗುತ್ತದೆ, ಅದಕ್ಕೆ ಮಾತ್ರ ಕಾವಲು ಬೇಕು. ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದು, ಟರ್ಪೆಂಟೈನ್ ಬೆರೆಸಿ, ಬಟ್ಟೆಯಲ್ಲಿ ತೆಳುವಾಗಿ ಸವರಿದೆ. ಮೇಣ ನಮ್ಮ ಪಕ್ಕದ ತೋಟದ ಜೇನುಪೆಟ್ಟಿಗೆಯದ್ದು. ಬಣ್ಣ ತುಸು ಗಾಢವಾಯಿತು, ಕೆಡಲಿಲ್ಲ.

ಮೇ 15ರಿಂದ 26. ಅಂಟಿಸಿದ್ದು, ಕಿತ್ತದ್ದು

ಹಿಂದಿನ ಫ್ರೇಮ್ 25 ಎಂಎಂ ಸ್ಕ್ವೇರ್ ಪೈಪ್. ಸುತ್ತ ನಾಲ್ಕು, ನಡುವೆ ಎರಡು ಅಡ್ಡ. 20 ಅಡಿಯ ಒಂದು ಪೈಪ್‌ನಲ್ಲಿ ಎಲ್ಲ ಮುಗಿದು ಒಂದು ಗೇಣಿಗಿಂತ ಕಡಿಮೆ ಉಳಿಯಿತು. ಎರಡು ಕೋಟ್ ಪ್ರೈಮರ್, ಒಂದು ಕೋಟ್ ಪೇಂಟ್. ಅದರ ಮೇಲೆ 3 ಎಂಎಂ ಎಸಿಪಿ ಶೀಟ್, ಅಂಗಡಿ ಬೋರ್ಡಿಗೆ ಹಾಕುತ್ತಾರಲ್ಲ ಅದು, ಗಾಢ ಬೂದಿ ಬಣ್ಣ. ಹಗುರ, ಸಪಾಟು, ತುಕ್ಕು ಇಲ್ಲ. ಕುಶಾಲನಗರದಲ್ಲಿ ಸಿಕ್ಕಿತು.

ಪಟ್ಟಿಗಳನ್ನು ವೆಲ್ಡ್ ಮಾಡಿದರೆ ಬಣ್ಣ ಸುಡುತ್ತದೆ, ರಿವೆಟ್ ಹಾಕಿದರೆ ಕಾಣುತ್ತದೆ. ಸಿಲಿಕೋನ್‌ನಲ್ಲಿ ಅಂಟಿಸಿದೆ. ಇಲ್ಲಿ ಬಾತ್‌ರೂಮ್ ಕೆಲಸಕ್ಕೆ ಬಳಸುವ ಮಾಮೂಲಿ ಸಿಲಿಕೋನ್ ತೆಗೆದುಕೊಂಡದ್ದು ದೊಡ್ಡ ತಪ್ಪು. ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು. ಆ ಹುಳಿ ತಾಮ್ರವನ್ನು ತಿನ್ನುತ್ತದೆ. ಒಂಬತ್ತು ದಿನಕ್ಕೆ ತಾಮ್ರದ ಪಟ್ಟಿಗಳ ಅಂಚಲ್ಲಿ ಹಸಿರು ಕಿಲುಬು ಬಂತು. ತಾಮ್ರದ ಹನ್ನೊಂದನ್ನೂ, ಅವುಗಳ ಪಕ್ಕದ ಸ್ಟೀಲ್ ಪಟ್ಟಿಗಳನ್ನೂ ಪುಟ್ಟಿ ಕತ್ತಿಯಲ್ಲಿ ಎಬ್ಬಿಸಿ, ಉಜ್ಜಿ, ಮತ್ತೆ ಕಾಯಿಸಿ, ಹುಳಿ ಬಿಡದ, ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವ ಸಿಲಿಕೋನ್ ಹಾಕಿ ಅಂಟಿಸಿದೆ. ಟ್ಯೂಬಿಗೆ ನೂರು ರೂಪಾಯಿ ಜಾಸ್ತಿ. ಲೋಹ ಇರುವ ಕಡೆ ಅದನ್ನೇ ತೆಗೆದುಕೊಳ್ಳಿ, ಟ್ಯೂಬಿನ ಮೇಲೆ ಓದಿ ನೋಡಿ.

ಅಂಟಿಸುವ ಕ್ರಮ ಮೇಲಿನಿಂದ ಕೆಳಕ್ಕೆ. ದಿನಕ್ಕೆ ಒಂದು ಗೇಣು ಎತ್ತರ. ಅದಕ್ಕಿಂತ ಜಾಸ್ತಿ ಮಾಡಿದರೆ ಹಸಿ ಪಟ್ಟಿ ಜಾರುತ್ತದೆ.

ಆಕಾಶ ಮುಗಿದ ಸಂಜೆ ಹುಡುಗ ದೂರ ನಿಂತು ನೋಡಿ, "ಇದು ಮುಗಿದಿದೆಯಾ ಅಣ್ಣ, ಇನ್ನೂ ಇದೆಯಾ?" ಅಂತ ಕೇಳಿದ. ಅವನು ತಪ್ಪು ಹೇಳಲಿಲ್ಲ. 1874ರಲ್ಲಿ ಪ್ಯಾರಿಸ್‌ನಲ್ಲಿ ಈ ಚಿತ್ರ ಮೊದಲ ಸಲ ಪ್ರದರ್ಶನಕ್ಕೆ ಬಂದಾಗ ಲೂಯಿ ಲೆರಾಯ್ ಅನ್ನೋ ವಿಮರ್ಶಕ, ಅರ್ಧಂಬರ್ಧ ಆದ ಗೋಡೆ ಕಾಗದವೂ ಇದಕ್ಕಿಂತ ಮುಗಿದ ಹಾಗಿರುತ್ತದೆ ಅಂತ ಬರೆದಿದ್ದ. ಈ ಚಿತ್ರದ ಹೆಸರು ಹಿಡಿದು ಅವನು ಮಾಡಿದ ಗೇಲಿಯಿಂದಲೇ ಇಂಪ್ರೆಷನಿಸ್ಟ್ ಅನ್ನೋ ಹೆಸರು ಬಂತು. ಹುಡುಗನಿಗೆ ಅದನ್ನು ಹೇಳಿ, ಇದು ಇಷ್ಟೇ, ಇನ್ನು ತುಂಬಿಸಬಾರದು ಅಂದೆ. ಪಟ್ಟಿ ಪಟ್ಟಿಯ ನಡುವೆ ಹಿಂದಿನ ಬೂದಿ ಬಣ್ಣ ಕಾಣುವುದನ್ನು ಹಾಗೇ ಬಿಟ್ಟೆ.

ದೋಣಿಗಳು ಹಾಳಾದ ಕಬ್ಬಿಣದ ಶೀಟಿನಿಂದಲೇ. ಮುಂದಿನದ್ದನ್ನು ಕಾಯಿಸಿ ಅಗಸೆ ಎಣ್ಣೆ ಸವರಿ ಕಪ್ಪು ಮಾಡಿದೆ. ಅದರ ಹಿಂದಿನದ್ದು ಕಂದು. ಮೂರನೆಯದು ಮಂಜಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು, ಅದಕ್ಕೆ ತಿಳಿ ನೇರಳೆ ಸ್ಟೀಲ್. ಮುಂದಿನ ದೋಣಿಯನ್ನು ನೈಲಾನ್ ವಾಷರ್ ಕೊಟ್ಟು 12 ಎಂಎಂ ಮುಂದಕ್ಕೆ ನಿಲ್ಲಿಸಿದೆ, ನೀರಿನ ಮೇಲೆ ಅದರ ನೆರಳು ಬೀಳುತ್ತದೆ. ಹಿಂದಿನ ಹಡಗಿನ ಕಂಬಗಳು, ಹೊಗೆಗೊಳವೆಗಳಿಗೆ 6 ಎಂಎಂ ಪಟ್ಟಿಗಳನ್ನು ನಿಲುವಾಗಿ ಇಟ್ಟೆ.

ಜೂನ್ 6. ಗೋಡೆ

ಒಟ್ಟು ತೂಕ 21 ಕೆಜಿ. ಅಕ್ಕನ ಮನೆ ಹಳೆಯದು, ಊಟದ ಹಾಲ್‌ನದ್ದು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ನಾಲ್ಕು ಇಂಚಿನ ಸ್ಕ್ರೂ, ಗೋಡೆಯೊಳಗೆ ಅದನ್ನು ಹಿಡಿಯುವ ಪ್ಲಾಸ್ಟಿಕ್ ಫಿಶರ್ ಹಾಕಿದೆ. ಕೈಯಲ್ಲಿ ಎಳೆದು ನೋಡಿದಾಗ ಮಣ್ಣಿನ ಸಮೇತ ಹೊರಗೆ ಬಂತು. ಗೋಡೆಯಲ್ಲಿ ಮುಷ್ಟಿ ಗಾತ್ರದ ಗುಳಿ. ಅಕ್ಕನ ಅಮ್ಮ ಅಲ್ಲೇ ಕೂತಿದ್ದರು. "ಇದು ನಮ್ಮ ಮಾವನ ಕಾಲದ ಗೋಡೆ, ಇದಕ್ಕೆ ಮೊಳೆ ನಿಲ್ಲಲ್ಲ. ಫೋಟೋ ಎಲ್ಲ ತೊಲೆಯಿಂದಲೇ ಕಟ್ಟೋದು" ಅಂದರು. ತಲೆ ಎತ್ತಿ ನೋಡಿದರೆ ಹೌದು, ಹಳೆ ಫೋಟೋಗಳೆಲ್ಲ ತೊಲೆಯಿಂದ ತಂತಿಯಲ್ಲಿ ಇಳಿದಿವೆ. ಕೆಲಸ ಶುರು ಮಾಡುವ ಮುಂಚೆ ಅವರನ್ನು ಕೇಳಬೇಕಿತ್ತು. ಗುಳಿ ಮುಚ್ಚಿಕೊಟ್ಟು, ಸುಂಟಿಕೊಪ್ಪಕ್ಕೆ ವಾಪಸ್ ಹೋಗಿ 3 ಎಂಎಂ ಸ್ಟೇನ್‌ಲೆಸ್ ವೈರ್ ರೋಪ್, ಅದನ್ನು ಬಿಗಿ ಮಾಡುವ ಎರಡು ಟರ್ನ್ ಬಕಲ್ ತಂದು ತೊಲೆಯಿಂದ ತೂಗು ಹಾಕಿದೆ. ಹಿಂದೆ ನಾಲ್ಕು ರಬ್ಬರ್ ಬುಷ್ ಕೊಟ್ಟು ಗೋಡೆಯಿಂದ 25 ಎಂಎಂ ಬಿಟ್ಟಿದ್ದೇನೆ, ಮಳೆಗಾಲದಲ್ಲಿ ಗಾಳಿ ಆಡಲಿ ಅಂತ.

ದೀಪವನ್ನು ನೇರ ಸೂರ್ಯನ ಮೇಲಿನ ಗೆರೆಗೆ ಹಾಕಿಸಿದೆ. ಬೆಳಕಿನ ಕಂಬ ತಾಮ್ರದ ಪಟ್ಟಿಗಳ ಮೇಲೇ ಬೀಳುತ್ತದೆ. ಮೊದಲು ಬಿಳಿ ಎಲ್‌ಇಡಿ ಹಾಕಿದ್ದರು, ಅದರಲ್ಲಿ ಕಿತ್ತಳೆ ಸಪ್ಪೆ. ಹಳದಿ ಬೆಳಕಿನದ್ದು ಹಾಕಿದ ಮೇಲೆ ಸರಿಹೋಯಿತು.

ಖರ್ಚು

ಕಬ್ಬಿಣದ ಶೀಟ್ 2,300, ಅದರಲ್ಲಿ ಉಪಯೋಗ ಆದದ್ದು ದೋಣಿಗಷ್ಟೇ. ಸ್ಟೇನ್‌ಲೆಸ್ 4,560, ಶಿಯರಿಂಗ್ 600. ತಾಮ್ರ 1,550. ಎಸಿಪಿ 1,250, ಸ್ಕ್ವೇರ್ ಪೈಪ್ 430, ಪ್ರೈಮರ್ ಪೇಂಟ್ 380. ನ್ಯೂಟ್ರಲ್ ಸಿಲಿಕೋನ್ 7 ಟ್ಯೂಬ್ 1,820, ಹಾಳಾದ ಸಿಲಿಕೋನ್ 450. ಗ್ಯಾಸ್ 1,100. ಡಿಸ್ಕ್, ಉಪ್ಪುಕಾಗದ, ಅಸಿಟೋನ್ ಎಲ್ಲ ಸೇರಿ 980. ವೈರ್ ರೋಪ್, ಟರ್ನ್ ಬಕಲ್ 640. ಮೈಸೂರಿಗೆ ಎರಡು ಸಲ ಹೋಗಿ ಬಂದದ್ದು 1,900. ಒಟ್ಟು 17,960.

ಹೇಳಿದ್ದ 28,000ದಲ್ಲಿ ಉಳಿದದ್ದು 10,040. ನಾನೊಬ್ಬನೇ 96 ಗಂಟೆ ಕೂತಿದ್ದೇನೆ, ಹುಡುಗನ ಕೂಲಿ ಇದರಲ್ಲಿ ಸೇರಿಲ್ಲ. ಅಕ್ಕ ಇನ್ನೂ ಕೊಡೋಕೆ ಬಂದರು, ಮಾತು ಮಾತೇ ಅಂತ ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಇದೇ ಅಳತೆಗೆ 42,000ಕ್ಕಿಂತ ಕಡಿಮೆ ಹೇಳುವುದಿಲ್ಲ.

ಜುಲೈ 27. ಮಳೆಯಲ್ಲಿ ಹೋಗಿ ನೋಡಿದ್ದು

ಏಳು ವಾರ ಆಗಿತ್ತು. ಬಟ್ಟೆ ಒಣಗದ, ಉಪ್ಪಿನ ಡಬ್ಬಿ ನೀರಾಗುವ ದಿನಗಳು. ಬ್ಯಾಟರಿ ಟಾರ್ಚ್ ಹಿಡಿದು ಒಂದೊಂದೇ ಪಟ್ಟಿ ನೋಡಿದೆ. ಸ್ಟೇನ್‌ಲೆಸ್ ಹಾಗೇ ಇದೆ. ಮುಂದಿನ ದೋಣಿಯ ಕೆಳ ಅಂಚಲ್ಲಿ ಎರಡು ಕಡೆ ತುಕ್ಕಿನ ಚುಕ್ಕಿ, ಎಣ್ಣೆ ಸರಿ ತಾಗಿರಲಿಲ್ಲ. ಬಿಚ್ಚಿ ತಂದಿದ್ದೇನೆ. ತಾಮ್ರದ ಪಟ್ಟಿಗಳಲ್ಲಿ ಕೆಳಗಿನ ಎರಡು ತುಸು ಕಪ್ಪಾಗಿವೆ, ಯಾರೋ ಮಕ್ಕಳು ಮುಟ್ಟಿದ ಗುರುತು. ಅವಕ್ಕೆ ಅಲ್ಲೇ ಇನ್ನೊಂದು ಕೈ ಮೇಣ ಹಚ್ಚಿದೆ. ನೀರಿನ ಎಡಮೂಲೆಯಲ್ಲಿ ಒಂದು 18 ಎಂಎಂ ಪಟ್ಟಿ ಎದ್ದಿದೆ, ಅದು ತಿರುಚಿದ್ದನ್ನು ಸರಿಯಾಗಿ ನೆಟ್ಟಗೆ ಮಾಡದೆ ಅಂಟಿಸಿದ್ದು.

ಹೊರಡುವ ಮುಂಚೆ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿದೆ. ಸೂರ್ಯ ಈಗಲೂ ಕಾಣಲ್ಲ. ದೋಣಿಗೆ ಎಣ್ಣೆ ಹಾಕಿ ಮತ್ತೆ ಕಾಯಿಸೋದು ಬರುವ ಭಾನುವಾರ.